ಕಣ್ಣಿಗೂ ಒಂದು ಹುಟ್ಟೂರು

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದುದೇ. ಅನುಭವದಿಂದ ಹುಟ್ಟಿದ ಈ ಮಾತಿಗೆ ಭೌತವಿಜ್ಞಾನದ ಸಮರ್ಥನೆಯೂ ಉಂಟು. ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಬಿಂದುಗಳನ್ನು ನಮ್ಮ ಕಣ್ಣು ಬೇರೆಬೇರೆಯಾಗಿ ಕಾಣಲಾರದು. ಆದುದರಿಂದ ಹತ್ತು ಕಿಲೋಮೀಟರ್ ದೂರದ ಬೆಟ್ಟದ ಮೇಲೆ ಸುಮಾರು ಮೂರು ಮೀಟರಿಗಿಂತ ಕಡಮೆ ಅಂತರದಲ್ಲಿರುವ ಎರಡು ಬಂಡೆಗಳು ನಮಗೆ ಒಂದಾಗಿ ಬೆರೆತುಹೋಗುತ್ತವೆ. ಬೆಟ್ಟ ನಿಜವಾಗಿ ನುಣ್ಣಗಿಲ್ಲ. ಅದರ ಉಬ್ಬುತಗ್ಗುಗಳು ನಮ್ಮ ಕಣ್ಣಿನ ಶಕ್ತಿಗೆ ನಿಲುಕದೆ ಹೋಗಿವೆ, ಅಷ್ಟೆ.

ಆದರೆ ದೂರವೇ ಇಲ್ಲದ ಕಡೆಯಲ್ಲಿಯೂ ಇಂಥದೇ ಒಂದು ನುಣುಪು ಕಾಣಿಸಿಕೊಳ್ಳುವುದುಂಟು. ಚಿಕ್ಕ ಊರೊಂದರಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಓದಿ, ತನ್ನಂತೆಯೇ ಇರುವ ಜನರ ನಡುವೆ ಹದಿನೇಳು ಹದಿನೆಂಟು ವರ್ಷ ಬೆಳೆದ ವಿದ್ಯಾರ್ಥಿಯೊಬ್ಬ ಮೊದಲ ಬಾರಿಗೆ ಬೆಂಗಳೂರಿನ ಕಾಲೇಜಿಗೆ ಬರುತ್ತಾನೆಂದು ಭಾವಿಸೋಣ. ಅವನ ವಿದ್ಯಾರ್ಥಿನಿಲಯದಲ್ಲಿ ಮಣಿಪುರದವರು ಮೂವರು, ಮಿಜೋರಾಮಿನವರು ಇಬ್ಬರು, ಟಾಂಜಾನಿಯದಿಂದ ಬಂದವರು ನಾಲ್ವರು ಇದ್ದಾರೆ. ವಾರ ಕಳೆದ ಮೇಲೆ ಅವನು ಮನೆಗೆ ಫೋನು ಮಾಡಿದಾಗ ಹೇಳುವ ಸುದ್ದಿಗಳಲ್ಲಿ ಇದೂ ಒಂದಾಗಿರುತ್ತದೆ: "ಅಮ್ಮ, ಅವರೆಲ್ಲ ನೋಡೋಕೆ ಒಂದೇ ಥರ ಇದ್ದಾರೆ. ಯಾರು ಯಾರು ಅಂತ ಗೊತ್ತೇ ಆಗೋಲ್ಲ."

ಈ ಸಹಪಾಠಿಗಳು ಹತ್ತು ಕಿಲೋಮೀಟರ್ ದೂರದಲ್ಲಿಲ್ಲ. ಪಕ್ಕದ ಬೆಂಚಿನಲ್ಲಿ, ಒಂದು ಮೀಟರ್ ಅಂತರದಲ್ಲಿ ಕುಳಿತಿದ್ದಾರೆ. ಆ ಅಂತರದಲ್ಲಿ ಮನುಷ್ಯನ ಕಣ್ಣು ಒಂದು ಮಿಲಿಮೀಟರಿನ ಹತ್ತರಲ್ಲಿ ಮೂರು ಭಾಗದಷ್ಟು ಸಣ್ಣ ಭೇದವನ್ನೂ ಗುರುತಿಸಬಲ್ಲದು. ಹೀಗಿರುವಲ್ಲಿ ಒಂಬತ್ತು ಮುಖಗಳು ಅವನಿಗೆ ಎರಡೇ ಮುಖಗಳಂತೆ ತೋರುವುದೇಕೆ? ಕಾರಣ ಆ ಮುಖಗಳಲ್ಲಿದೆಯೆ, ನೋಡುವ ಕಣ್ಣಿನಲ್ಲಿದೆಯೆ, ಇಲ್ಲವೆ ಕಣ್ಣಿನ ಹಿಂದಿರುವ ಮನಸ್ಸಿನಲ್ಲಿದೆಯೆ? ಈ ಪ್ರಶ್ನೆಯ ಉತ್ತರ ಕೇವಲ ಕುತೂಹಲಕ್ಕೆ ಸಂಬಂಧಿಸಿದುದಲ್ಲವೆಂಬುದು ಮುಂದೆ ತಿಳಿದುಬರುತ್ತದೆ. ಗುರುತು ತಪ್ಪಿದ ಕಾರಣದಿಂದಲೇ ಸೆರೆಮನೆ ಸೇರಿದವರುಂಟು.

ಹಳೆಯ ಊಹೆ, ಅನಂತರದ ಪ್ರಯೋಗ

ಬೇರೆ ಜನಾಂಗದವರೆಲ್ಲ ಒಂದೇ ತೆರನಾಗಿ ತೋರುವರೆಂಬ ವಿಷಯವನ್ನು ಅಮೆರಿಕದ ಫೈನ್‌ಗೋಲ್ಡ್ ಎಂಬವರು ೧೯೧೪ರಷ್ಟು ಹಿಂದೆಯೇ ಚರ್ಚಿಸಿದ್ದರು. ಏಷ್ಯದವರೆಲ್ಲ ತಮಗೆ ಒಂದೇ ರೀತಿ ಕಾಣುವರೆಂದು ಅಮೆರಿಕನ್ನರು ಭಾವಿಸುವಂತೆಯೇ, ಬಿಳಿಯರೆಲ್ಲ ಒಂದೇ ರೀತಿ ಕಾಣುವರೆಂದು ಏಷ್ಯದವರೂ ಭಾವಿಸುತ್ತಾರೆ. ಇದು ಪರಿಚಯದ ಪ್ರಮಾಣವನ್ನು ಅವಲಂಬಿಸಿದ ವಿಷಯವೆಂಬುದು ಅವರ ಅಭಿಪ್ರಾಯ. ಈ ಮಾತು ಪ್ರಯೋಗದ ಒರೆಗಲ್ಲಿಗೆ ಬಂದುದು ಬಹಳ ತಡವಾಗಿ. ೧೯೬೯ರಲ್ಲಿ ಮಾಲ್ಪಾಸ್ ಮತ್ತು ಕ್ರಾವಿಟ್ಜ್ ಎಂಬ ಇಬ್ಬರು ಮನೋವಿಜ್ಞಾನಿಗಳು ಇಲಿನಾಯ್ ಹಾಗೂ ಹೋವರ್ಡ್ ವಿಶ್ವವಿದ್ಯಾನಿಲಯಗಳ ಬಿಳಿಯ ಮತ್ತು ಕರಿಯ ವಿದ್ಯಾರ್ಥಿಗಳಿಗೆ ಕೆಲವು ಮುಖಗಳ ಛಾಯಾಚಿತ್ರಗಳನ್ನು ತೋರಿಸಿದರು. ಬಳಿಕ ಅವನ್ನು ಹೊಸ ಚಿತ್ರಗಳೊಂದಿಗೆ ಬೆರೆಸಿ, ಮೊದಲು ಕಂಡವು ಯಾವುವೆಂದು ಆರಿಸಲು ಹೇಳಿದರು. ಒಟ್ಟಿನಲ್ಲಿ ತಮ್ಮ ಜನಾಂಗದ ಮುಖಗಳನ್ನು ಗುರುತಿಸುವುದು ಅವರಿಗೆ ಸುಲಭವಾಯಿತು. ಅನ್ಯರ ಮುಖಗಳಲ್ಲಿ ತಡವರಿಸಿದರು.

ಅಂದಿನಿಂದ ಈಚೆಗೆ ಇಂಥ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ೨೦೦೧ರಲ್ಲಿ ಮೈಸ್ನರ್ ಮತ್ತು ಬ್ರಿಗ್‌ಹ್ಯಾಮ್ ಎಂಬವರು ಸುಮಾರು ಐದು ಸಾವಿರ ಜನರು ಪಾಲ್ಗೊಂಡಿದ್ದ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಮೊದಲು ಕಂಡ ಮುಖವನ್ನು ಸರಿಯಾಗಿ ಗುರುತಿಸುವ ಸಂಭವ ಸ್ವಜನಾಂಗದ ವಿಷಯದಲ್ಲಿ ೧.೪ ಪಟ್ಟು ಹೆಚ್ಚು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಎಂದೂ ಕಾಣದ ಅಪರಿಚಿತನನ್ನು "ಇವನನ್ನು ನಾನು ಕಂಡಿದ್ದೇನೆ" ಎಂದು ಹೇಳಿಬಿಡುವ ಸಂಭವ ಅನ್ಯಜನಾಂಗದ ವಿಷಯದಲ್ಲಿ ೧.೫೬ ಪಟ್ಟು ಹೆಚ್ಚು. ಎಂದರೆ ನಾವು ಮರೆಯುವುದಷ್ಟೇ ಅಲ್ಲ, ತಪ್ಪು ವ್ಯಕ್ತಿಯನ್ನು ಬೆರಳಿಟ್ಟು ತೋರಿಸಲೂ ಸಿದ್ಧರಾಗುತ್ತೇವೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಂದು ಜನಾಂಗದ ಮುಖಗಳೇ ಪರಸ್ಪರ ಹೆಚ್ಚು ಹೋಲುತ್ತಿದ್ದ ಪಕ್ಷದಲ್ಲಿ ಅವು ಎಲ್ಲರಿಗೂ ಹಾಗೆಯೇ ತೋರಬೇಕಾಗಿತ್ತು. ಮಣಿಪುರದ ತಾಯಿ ತನ್ನ ಮಗನನ್ನು ಸಂತೆಯ ನಡುವೆ ಹುಡುಕಿಕೊಳ್ಳಲು ನಮ್ಮ ತಾಯಂದಿರಿಗಿಂತ ಹೆಚ್ಚು ಕಷ್ಟಪಡುವುದಿಲ್ಲ. ಆದುದರಿಂದ ನುಣುಪು ಮುಖದಲ್ಲಿಲ್ಲ, ನೋಟದಲ್ಲಿದೆ.

ಕಿವಿ ಹೇಳುವ ಸಾಕ್ಷ್ಯ

ಕಣ್ಣಿನ ವಿಷಯವನ್ನು ಅರಿಯಲು ಕಿವಿಯ ಒಂದು ಉದಾಹರಣೆ ನೆರವಾಗುತ್ತದೆ. "ಅತ್ತ" ಮತ್ತು "ಅಟ್ಟ", "ಹಲ್ಲಿ" ಮತ್ತು "ಹಳ್ಳಿ": ಈ ಜೋಡಿಗಳಲ್ಲಿರುವ ವ್ಯತ್ಯಾಸ ಕನ್ನಡಿಗನಿಗೆ ಹಗಲಿನಷ್ಟು ನಿಚ್ಚಳ. ಆದರೆ ಇಂಗ್ಲಿಷ್ ಮಾತ್ರ ಕೇಳಿ ಬೆಳೆದವನಿಗೆ "ತ"ಕಾರವೂ "ಟ"ಕಾರವೂ ಒಂದೇ ಸದ್ದಾಗಿ ಕೇಳಿಸುತ್ತವೆ. ಅವನ ಕಿವಿಯಲ್ಲಿ ಯಾವ ದೋಷವೂ ಇಲ್ಲ. ನಾವು ನಗಬೇಕಾದುದೂ ಇಲ್ಲ. ಚೀನೀ ಭಾಷೆಯಲ್ಲಿ ಒಂದೇ "ಮಾ" ಎಂಬ ಸದ್ದು ಸ್ವರದ ಏರಿಳಿತಕ್ಕನುಸಾರವಾಗಿ ನಾಲ್ಕು ಬೇರೆ ಮಾತುಗಳಾಗುತ್ತವೆ, ನಮಗೆ ನಾಲ್ಕೂ ಒಂದೇ.

ಕೆನಡ ದೇಶದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಬಹು ಪ್ರಸಿದ್ಧವಾದುದು. ಇಂಗ್ಲಿಷ್ ಮಾತನಾಡುವ ಮನೆಗಳ ಹಸುಗೂಸುಗಳಿಗೆ ಅವರು ಹಿಂದಿಯ "ತ" ಮತ್ತು "ಟ" ಧ್ವನಿಗಳನ್ನು ಕೇಳಿಸಿದರು. ಧ್ವನಿ ಬದಲಾದಾಗ ತಲೆ ಹೊರಳಿಸಿದರೆ ಒಂದು ಆಟಿಕೆ ಬೆಳಗುವಂತೆ ಏರ್ಪಾಟು ಮಾಡಿದ್ದರು. ಆರೇಳು ತಿಂಗಳ ಕೂಸುಗಳು ಬದಲಾವಣೆಯನ್ನು ತಪ್ಪದೆ ಕಂಡುಹಿಡಿದು ಆಟಿಕೆಯತ್ತ ತಿರುಗುತ್ತಿದ್ದುವು. ಅವರ ತಂದೆತಾಯಿಯರಿಗೆ ಅಸಾಧ್ಯವಾದುದು ತೊಟ್ಟಿಲ ಕೂಸಿಗೆ ಸಾಧ್ಯವಾಗಿತ್ತು. ಆದರೆ ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಈ ಸಾಮರ್ಥ್ಯ ಬಹುಮಟ್ಟಿಗೆ ಮಾಯವಾಗುತ್ತಿತ್ತು. ಮಗು ಎಲ್ಲ ಭಾಷೆಗಳ ಕಿವಿಯೊಂದಿಗೆ ಹುಟ್ಟಿ, ಒಂದು ವರ್ಷದೊಳಗೆ ತನ್ನ ಮನೆಯ ಭಾಷೆಯ ಕಿವಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ತೊಟ್ಟಿಲಲ್ಲಿ ನಡೆಯುವ ಪಾಠ

ಮುಖಗಳ ವಿಷಯದಲ್ಲಿಯೂ ನಡೆಯುವುದು ಇದೇ. ಇಂಗ್ಲೆಂಡಿನ ಡೇವಿಡ್ ಕೆಲ್ಲಿ ಮತ್ತು ಅವರ ಸಂಗಡಿಗರು ಬಿಳಿಯ ಮನೆಗಳ ಕೂಸುಗಳ ಮೇಲೆ ನಡೆಸಿದ ಪರೀಕ್ಷೆಗಳನ್ನು ೨೦೦೫ ಮತ್ತು ೨೦೦೭ರಲ್ಲಿ ಪ್ರಕಟಿಸಿದರು. ಮಾತು ಬಾರದ ಕೂಸನ್ನು ಪ್ರಶ್ನಿಸುವುದು ಹೇಗೆ? ಕೂಸು ಹೊಸದನ್ನು ಹೆಚ್ಚು ಹೊತ್ತು ನೋಡುತ್ತದೆ; ನೋಡಿ ಬೇಸರಗೊಂಡುದರಿಂದ ಕಣ್ಣು ತಿರುಗಿಸುತ್ತದೆ. ಒಂದು ಮುಖವನ್ನು ಪರಿಚಯ ಮಾಡಿಸಿ, ಬಳಿಕ ಅದನ್ನೂ ಹೊಸದೊಂದು ಮುಖವನ್ನೂ ಅಕ್ಕಪಕ್ಕದಲ್ಲಿ ತೋರಿಸಿದರೆ, ಕೂಸಿನ ನೋಟ ಹೊಸ ಮುಖದಲ್ಲಿ ನಿಂತಾಗ ಅದಕ್ಕೆ ಎರಡರ ಭೇದ ತಿಳಿದಿದೆಯೆಂದು ನಾವು ನಿರ್ಧರಿಸಬಹುದು.

ಈ ಉಪಾಯದಿಂದ ತಿಳಿದುಬಂದುದಿಷ್ಟು. ಆಗ ತಾನೆ ಹುಟ್ಟಿದ ಕೂಸಿಗೆ ಯಾವ ಜನಾಂಗದ ಮುಖದ ಮೇಲೂ ವಿಶೇಷ ಒಲವಿಲ್ಲ. ಮೂರು ತಿಂಗಳಿಗೆ ತನ್ನ ಮನೆಯವರಂಥ ಮುಖಗಳನ್ನು ನೋಡಲು ಇಷ್ಟಪಡತೊಡಗುತ್ತದೆ. ಆದರೂ ಆಫ್ರಿಕದ, ಮಧ್ಯಪ್ರಾಚ್ಯದ, ಚೀನದ ಮುಖಗಳಲ್ಲಿಯೂ ಒಬ್ಬರಿಂದೊಬ್ಬರನ್ನು ಬೇರ್ಪಡಿಸಬಲ್ಲದು. ಆರು ತಿಂಗಳಿಗೆ ಈ ಸಾಮರ್ಥ್ಯ ಸ್ವಜನಾಂಗಕ್ಕೂ ಚೀನದ ಮುಖಗಳಿಗೂ ಸೀಮಿತವಾಗುತ್ತದೆ. ಒಂಬತ್ತು ತಿಂಗಳಿಗೆ ಸ್ವಜನಾಂಗವೊಂದೇ ಉಳಿಯುತ್ತದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಕಣ್ಣಿಗೆ ಒಂದು ಹುಟ್ಟೂರು ದೊರೆತಿರುತ್ತದೆ. ಚೀನದಲ್ಲಿ ಬೆಳೆದ ಕೂಸುಗಳಲ್ಲಿಯೂ ಇದೇ ಬಗೆಯ ಬದಲಾವಣೆ ಕಂಡುಬಂದಿದೆ.

ಇದು ರಕ್ತದ ಗುಣವೆಂದು ಯಾರಾದರೂ ಶಂಕಿಸಬಹುದು. ಇಸ್ರೇಲಿನ ಬಾರ್-ಹೈಮ್ ಮತ್ತು ಸಂಗಡಿಗರ ೨೦೦೬ರ ಪ್ರಯೋಗ ಆ ಶಂಕೆಯನ್ನು ನಿವಾರಿಸುತ್ತದೆ. ಅವರು ಮೂರು ತಿಂಗಳ ಕೂಸುಗಳ ಮೂರು ಗುಂಪುಗಳನ್ನು ಪರೀಕ್ಷಿಸಿದರು. ಇಸ್ರೇಲಿನ ಬಿಳಿಯ ಕೂಸುಗಳು ಬಿಳಿಯ ಮುಖಗಳನ್ನೂ, ಇಥಿಯೋಪಿಯದಲ್ಲಿಯೇ ಇದ್ದ ಕೂಸುಗಳು ಆಫ್ರಿಕದ ಮುಖಗಳನ್ನೂ ಹೆಚ್ಚು ಹೊತ್ತು ನೋಡಿದುವು. ಆದರೆ ಇಥಿಯೋಪಿಯದಿಂದ ವಲಸೆ ಬಂದು ಇಸ್ರೇಲಿನ ನೆಲೆಗಳಲ್ಲಿ ಎರಡೂ ಬಗೆಯ ಜನರ ನಡುವೆ ಬೆಳೆಯುತ್ತಿದ್ದ ಕೂಸುಗಳಲ್ಲಿ ಯಾವ ಪಕ್ಷಪಾತವೂ ತೋರಲಿಲ್ಲ. ರಕ್ತ ಅದೇ, ಸುತ್ತಲಿನ ಮುಖಗಳು ಬೇರೆ. ಫಲ ಸುತ್ತಲಿನ ಮುಖಗಳನ್ನು ಅನುಸರಿಸಿತು.

ಬಣ್ಣದ ಆಳವೆಷ್ಟು?

ನಮ್ಮ ಕಣ್ಣು ಮೊದಲು ಹಿಡಿಯುವುದು ಬಣ್ಣವನ್ನು. ಆ ಬಣ್ಣ ಇರುವುದು ಚರ್ಮದ ಹೊರಪದರದಲ್ಲಿ. ದೇಹದ ಬಹುಭಾಗದಲ್ಲಿ ಅದರ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತದೆ. ಬಿಸಿಲು ಪ್ರಖರವಾದ ನಾಡಿನಲ್ಲಿ ಈ ಕಿರಣಗಳಿಂದ ದೇಹವನ್ನು ಕಾಯಲು ಹೆಚ್ಚು ಮೆಲನಿನ್ ಅಗತ್ಯ. ಬಿಸಿಲು ಕಡಮೆಯಾದ ಉತ್ತರದ ನಾಡುಗಳಲ್ಲಿ ವಿಟಮಿನ್ ಡಿ ತಯಾರಾಗಲು ಕಿರಣಗಳು ಸಾಕಷ್ಟು ಒಳಹೊಗಬೇಕು, ಆದುದರಿಂದ ಮೆಲನಿನ್ ಕಡಮೆಯಿರುವುದು ಅನುಕೂಲ. ಕರಿಯನಲ್ಲಿಯೂ ಬಿಳಿಯನಲ್ಲಿಯೂ ಮೆಲನಿನ್ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಮೆ ಒಂದೇ. ಅವು ತಯಾರಿಸುವ ದ್ರವ್ಯದ ಪ್ರಮಾಣ ಮತ್ತು ಬಗೆ ಮಾತ್ರ ಬೇರೆ.

ಹೊರಗಿನ ಈ ಭೇದ ಒಳಗಿನ ಭೇದದ ಅಳತೆಗೋಲಾಗಲಾರದು. ೧೯೭೨ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿ ರಕ್ತದ ಗುಂಪು ಮೊದಲಾದ ಆನುವಂಶಿಕ ಲಕ್ಷಣಗಳನ್ನು ಲೆಕ್ಕ ಹಾಕಿ, ಮಾನವಕುಲದಲ್ಲಿರುವ ಒಟ್ಟು ವೈವಿಧ್ಯದ ಶೇಕಡ ೮೫ರಷ್ಟು ಭಾಗ ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು ತೋರಿಸಿದರು. ಜನಾಂಗ ಜನಾಂಗಗಳ ನಡುವಣ ಭೇದದ ಪಾಲು ಶೇಕಡ ೬ರಷ್ಟು ಮಾತ್ರವೆಂದು ಅವರ ಲೆಕ್ಕ. ಅದಕ್ಕಿಂತಲೂ ಆಶ್ಚರ್ಯಕರವಾದುದೆಂದರೆ, ಆನುವಂಶಿಕ ವೈವಿಧ್ಯ ಅತ್ಯಧಿಕವಾಗಿರುವ ಭೂಖಂಡ ಆಫ್ರಿಕ. ಮಾನವನು ಅತ್ಯಂತ ದೀರ್ಘಕಾಲ ಬಾಳಿದ ನೆಲ ಅದು. "ಎಲ್ಲರೂ ಒಂದೇ ಥರ" ಎಂದು ನಮ್ಮ ವಿದ್ಯಾರ್ಥಿ ಯಾರ ವಿಷಯದಲ್ಲಿ ಹೇಳಿದನೋ ಅವರೇ ಜಗತ್ತಿನಲ್ಲಿ ಪರಸ್ಪರ ಹೆಚ್ಚು ಭಿನ್ನರಾದ ಜನ.

ನಮ್ಮ ಭಾಷೆಯನ್ನೇ ಗಮನಿಸಬಹುದು. ನಮ್ಮವರನ್ನು ವರ್ಣಿಸುವಾಗ ಎಣ್ಣೆಗೆಂಪು, ಎಣ್ಣೆಗಪ್ಪು, ಗೋದಿಬಣ್ಣ, ಸಾದುಗಪ್ಪು ಎಂದು ನಾವು ಎಷ್ಟೊಂದು ಸೂಕ್ಷ್ಮ ಭೇದಗಳನ್ನು ಮಾಡುತ್ತೇವೆ! ಆಫ್ರಿಕದಿಂದ ಬಂದವರನ್ನು ಕಂಡಾಗ ಇದೇ ನಾಲಗೆಗೆ "ಕಪ್ಪು" ಎಂಬ ಒಂದೇ ಮಾತು ಸಾಕಾಗುತ್ತದೆ. ಅವರ ಚರ್ಮದಲ್ಲಿಯೂ ಅಷ್ಟೇ ಛಾಯೆಗಳಿವೆ. ನಮಗೆ ಅವನ್ನು ಹೆಸರಿಸುವ ಪ್ರಸಂಗ ಒದಗಿರಲಿಲ್ಲ.

ತಪ್ಪಿದ ಗುರುತಿನ ಬೆಲೆ

ಈ ದೌರ್ಬಲ್ಯ ನ್ಯಾಯಾಲಯವನ್ನು ಹೊಕ್ಕಾಗ ಏನಾಗುವುದೆಂಬುದಕ್ಕೆ ಅಮೆರಿಕದ ಉತ್ತರ ಕೆರೊಲಿನದ ಒಂದು ಮೊಕದ್ದಮೆ ನಿದರ್ಶನವಾಗಿದೆ. ೧೯೮೪ರಲ್ಲಿ ಬಿಳಿಯ ವಿದ್ಯಾರ್ಥಿನಿಯೊಬ್ಬಳ ಮೇಲೆ ಅವಳ ಮನೆಯಲ್ಲಿಯೇ ಅತ್ಯಾಚಾರ ನಡೆಯಿತು. ಅಪರಾಧಿಯನ್ನು ಮುಂದೆ ಗುರುತಿಸಲೇಬೇಕೆಂಬ ನಿಶ್ಚಯದಿಂದ ಆಕೆ ಅವನ ಮುಖವನ್ನು ಪ್ರಯತ್ನಪೂರ್ವಕವಾಗಿ ನೆನಪಿನಲ್ಲಿಟ್ಟುಕೊಂಡಳು. ಪೋಲೀಸರು ತೋರಿಸಿದ ಚಿತ್ರಗಳಲ್ಲಿಯೂ ಸಾಲಿನಲ್ಲಿ ನಿಲ್ಲಿಸಿದ ಜನರಲ್ಲಿಯೂ ರೊನಾಲ್ಡ್ ಕಾಟನ್ ಎಂಬ ಕರಿಯ ಯುವಕನನ್ನು ತೋರಿಸಿದಳು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಮುಂದೆ ಎರಡನೆಯ ವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನು ಅವಳೆದುರು ತಂದಾಗ, ಇವನನ್ನು ತಾನು ಕಂಡೇ ಇಲ್ಲವೆಂದಳು. ೧೯೯೫ರಲ್ಲಿ ಡಿ.ಎನ್.ಎ. ಪರೀಕ್ಷೆ ಸತ್ಯವನ್ನು ಹೊರಗೆಡಹಿತು. ಕಾಟನ್ ಹತ್ತು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿ ಕಳೆದಿದ್ದ. ಗುರುತು ತಪ್ಪಲು ಚಿತ್ರಗಳನ್ನು ತೋರಿಸಿದ ಕ್ರಮವೇ ಮೊದಲಾದ ಬೇರೆ ಕಾರಣಗಳೂ ಇದ್ದುವು. ಆದರೆ ಆಕೆ ಸುಳ್ಳು ಹೇಳಲಿಲ್ಲ, ದ್ವೇಷದಿಂದಲೂ ಹೇಳಲಿಲ್ಲ. ಬಳಿಕ ಅವರಿಬ್ಬರೂ ಸ್ನೇಹಿತರಾಗಿ, ಈ ಘಟನೆಯ ಬಗ್ಗೆ ಜೊತೆಯಾಗಿ ಒಂದು ಪುಸ್ತಕವನ್ನು ೨೦೦೯ರಲ್ಲಿ ಪ್ರಕಟಿಸಿದರು.

ಮನುಷ್ಯನ ಕಣ್ಣನ್ನು ನಂಬಲಾಗದಿದ್ದರೆ ಯಂತ್ರದ ಕಣ್ಣನ್ನು ನಂಬಬಹುದಲ್ಲವೆ? ಇಲ್ಲಿ ಪ್ರಕೃತಿ ನಮಗೊಂದು ವಿಚಿತ್ರವಾದ ಪಾಠವನ್ನು ಕಲಿಸಿದೆ. ಮುಖ ಗುರುತಿಸುವ ಗಣಕಯಂತ್ರಕ್ಕೆ ಲಕ್ಷಾಂತರ ಚಿತ್ರಗಳನ್ನು ತೋರಿಸಿ ತರಬೇತಿ ಕೊಡುತ್ತಾರೆ. ಎಂದರೆ ಅದಕ್ಕೂ ಒಂದು ಬಾಲ್ಯವಿದೆ. ಪಾಶ್ಚಾತ್ಯ ದೇಶಗಳಲ್ಲಿ ತಯಾರಾದ ವ್ಯವಸ್ಥೆಗಳು ಬಿಳಿಯರ ಮುಖಗಳನ್ನೂ, ಪೂರ್ವ ಏಷ್ಯದಲ್ಲಿ ತಯಾರಾದವು ಪೂರ್ವ ಏಷ್ಯದವರ ಮುಖಗಳನ್ನೂ ಹೆಚ್ಚು ಚೆನ್ನಾಗಿ ಗುರುತಿಸುತ್ತಿದ್ದುವೆಂದು ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ೨೦೧೮ರಲ್ಲಿ ಜಾಯ್ ಬ್ಯುಯೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ವ್ಯವಸ್ಥೆಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇಕಡ ೦.೮ನ್ನು ಮೀರಲಿಲ್ಲ, ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇಕಡ ೩೪.೭ರವರೆಗೆ ಏರಿತು. ೨೦೨೦ರ ಜನವರಿಯಲ್ಲಿ ಡೆಟ್ರಾಯಿಟ್ ನಗರದ ಪೋಲೀಸರು ಇಂಥ ಯಂತ್ರದ ಮಾತು ನಂಬಿ ನಿರಪರಾಧಿಯಾದ ಕರಿಯ ಗೃಹಸ್ಥರೊಬ್ಬರನ್ನು ಬಂಧಿಸಿದ್ದರು. ಯಂತ್ರಕ್ಕೆ ದ್ವೇಷವಿಲ್ಲ, ಅಹಂಕಾರವಿಲ್ಲ. ಅದು ಕಂಡ ಲೋಕ ಚಿಕ್ಕದಾಗಿತ್ತು.

ನಮ್ಮ ನಾಡಿನಲ್ಲಿಯೇ

ಈ ಉದಾಹರಣೆಗಳು ಹೊರದೇಶಗಳವಾದರೂ ವಿಷಯ ನಮ್ಮ ಮನೆಬಾಗಿಲಿನಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡ ಮುಂತಾದ ತಾಲ್ಲೂಕುಗಳ ಕಾಡಿನಂಚಿನಲ್ಲಿ ಸಿದ್ದಿ ಜನ ಶತಮಾನಗಳಿಂದ ಬಾಳುತ್ತಿದ್ದಾರೆ. ಇವರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರೂ ಇತರ ವ್ಯಾಪಾರಿಗಳೂ ಆಫ್ರಿಕದಿಂದ ಗುಲಾಮರನ್ನಾಗಿ ತಂದಿದ್ದರು. ೨೦೧೧ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನಗಳು ಇವರಲ್ಲಿ ಆಫ್ರಿಕದ ಬಾಂಟು ಜನರ ಅಂಶವನ್ನೂ ಭಾರತೀಯ ಅಂಶವನ್ನೂ ಗುರುತಿಸಿವೆ. ೨೦೦೩ರಲ್ಲಿ ಇವರಿಗೆ ಪರಿಶಿಷ್ಟ ವರ್ಗದ ಸ್ಥಾನ ದೊರೆಯಿತು. ೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಕನ್ನಡ, ಕೊಂಕಣಿ, ಮರಾಠಿ ಮಾತನಾಡುವ ಈ ಜನರನ್ನು ನಗರಗಳಲ್ಲಿ "ಯಾವ ದೇಶ?" ಎಂದು ಇಂಗ್ಲಿಷಿನಲ್ಲಿ ಕೇಳುವವರು ಇಂದಿಗೂ ಇದ್ದಾರೆ. ಕೇಳಿದವರಿಗೆ ಅದು ಒಂದು ಪ್ರಶ್ನೆ. ಉತ್ತರಿಸಬೇಕಾದವರಿಗೆ ತಮ್ಮ ನೆಲದಲ್ಲಿಯೇ ದಿನದಿನವೂ ತೋರಿಸಬೇಕಾದ ರಹದಾರಿ.

ಅದೇ ಮುಂಡಗೋಡ ತಾಲ್ಲೂಕಿನಲ್ಲಿ ೧೯೬೬ರಿಂದ ಟಿಬೆಟನ್ನರ ನೆಲೆಯೊಂದಿದೆ. ಕನ್ನಡ ರೈತ, ಸಿದ್ದಿ ಮತ್ತು ಟಿಬೆಟನ್ನರು ಒಂದೇ ಪೇಟೆಯಲ್ಲಿ ವ್ಯವಹರಿಸುವ ಇಂಥ ಊರು ಇನ್ನೆಷ್ಟಿವೆ? ಬಾರ್-ಹೈಮ್ ಅವರ ಪ್ರಯೋಗ ಸತ್ಯವಾದರೆ, ಆ ಪೇಟೆಯಲ್ಲಿ ತಾಯಿಯ ಕಂಕುಳಲ್ಲಿ ಕುಳಿತು ಎಲ್ಲರನ್ನೂ ನೋಡುತ್ತ ಬೆಳೆಯುವ ಕೂಸಿನ ಕಣ್ಣು ಬೆಂಗಳೂರಿನ ಅನೇಕ ಮಕ್ಕಳ ಕಣ್ಣಿಗಿಂತ ವಿಶಾಲವಾಗಿರಬೇಕು.

ಈಶಾನ್ಯ ರಾಜ್ಯಗಳ ಜನರನ್ನು ನೋಡುವ ನಮ್ಮ ದೃಷ್ಟಿ ಇನ್ನೂ ಮಂದವಾದುದು. ಮೇಘಾಲಯದ ಖಾಸಿ ಭಾಷೆಗೂ ಮಿಜೋ ಭಾಷೆಗೂ ಒಂದೇ ಕುಟುಂಬದ ಸಂಬಂಧವೂ ಇಲ್ಲ. ಅವುಗಳ ಅಂತರ ಕನ್ನಡಕ್ಕೂ ಹಿಂದಿಗೂ ಇರುವಂಥದು. ಆದರೂ ಎಲ್ಲರಿಗೂ ಒಂದೇ ಅಡ್ಡಹೆಸರು ಕೂಗುವವರು ನಮ್ಮ ಬೀದಿಗಳಲ್ಲಿದ್ದಾರೆ. ೨೦೧೨ರ ಆಗಸ್ಟಿನಲ್ಲಿ ಹಲ್ಲೆ ನಡೆಯಲಿದೆಯೆಂಬ ವದಂತಿ ಹಬ್ಬಿ, ಈಶಾನ್ಯದ ಸಾವಿರಾರು ಜನ ಕೆಲವೇ ದಿನಗಳಲ್ಲಿ ವಿಶೇಷ ರೈಲುಗಳಲ್ಲಿ ಬೆಂಗಳೂರನ್ನು ಬಿಟ್ಟು ಗುವಾಹಟಿಯ ದಾರಿ ಹಿಡಿದರು. ವದಂತಿ ಸುಳ್ಳಾಗಿತ್ತು. ಆದರೆ ಅಷ್ಟು ಜನ ಅದನ್ನು ನಂಬುವಂತಾದುದಾದರೂ ಏಕೆ? ವರ್ಷಗಟ್ಟಲೆ ಒಂದು ಊರಿನಲ್ಲಿದ್ದೂ ನೆರೆಹೊರೆಯವರಿಗೆ ತಾವು ಮುಖವಿಲ್ಲದ ಗುಂಪಾಗಿಯೇ ಉಳಿದಿದ್ದೇವೆಂದು ತಿಳಿದವರು, ಕಷ್ಟ ಬಂದಾಗ ಆ ನೆರೆಯವರ ಮೇಲೆ ಭರವಸೆ ಇಡುವುದು ಹೇಗೆ? ೨೦೧೪ರಲ್ಲಿ ಅರುಣಾಚಲದ ಯುವಕನೊಬ್ಬ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಬಳಿಕ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ ಇಂಥ ಜನರ ಸಂಕಟಗಳನ್ನು ವಿವರವಾಗಿ ದಾಖಲಿಸಿದೆ.

ಕಣ್ಣನ್ನು ತಿದ್ದುವ ಬಗೆ

ಬಾಲ್ಯದಲ್ಲಿ ಹೀಗೆ ಕಿರಿದಾದ ನೋಟ ಮತ್ತೆ ಹಿಗ್ಗಬಲ್ಲುದೆ? ಫ್ರಾನ್ಸಿನಲ್ಲಿ ೨೦೦೫ರಲ್ಲಿ ನಡೆದ ಒಂದು ಅಧ್ಯಯನ ಆಶಾದಾಯಕವಾಗಿದೆ. ಕೊರಿಯದಲ್ಲಿ ಹುಟ್ಟಿ, ಮೂರರಿಂದ ಒಂಬತ್ತರ ವಯಸ್ಸಿನಲ್ಲಿ ಫ್ರೆಂಚ್ ಕುಟುಂಬಗಳಿಗೆ ದತ್ತುಹೋದವರನ್ನು ಅವರು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಅವರು ಬಿಳಿಯರ ಮುಖಗಳನ್ನೇ ಹೆಚ್ಚು ಚೆನ್ನಾಗಿ ಗುರುತಿಸಿದರು. ತೊಟ್ಟಿಲಿನ ಪಾಠ ಕಲ್ಲಿನಲ್ಲಿ ಕೊರೆದ ಶಾಸನವಲ್ಲವೆಂದಾಯಿತು.

ಆದರೆ ಬೇರೆ ಜನರ ಹತ್ತಿರ ಇದ್ದ ಮಾತ್ರಕ್ಕೆ ಕಣ್ಣು ತಾನಾಗಿ ತಿದ್ದಿಕೊಳ್ಳುತ್ತದೆಂದು ತಿಳಿಯಬಾರದು. ಮೈಸ್ನರ್ ಮತ್ತು ಬ್ರಿಗ್‌ಹ್ಯಾಮ್ ಅವರ ಲೆಕ್ಕದಲ್ಲಿ, ಅನ್ಯಜನಾಂಗದವರೊಡನೆ ಇರುವ ಸಂಪರ್ಕದ ಪ್ರಮಾಣದಿಂದ ವಿವರಿಸಬಹುದಾದುದು ಗುರುತಿಸುವ ಶಕ್ತಿಯಲ್ಲಿರುವ ವ್ಯತ್ಯಾಸದ ಶೇಕಡ ೨ರಷ್ಟು ಮಾತ್ರ. ಹಾಗಾದರೆ ಬೇಕಾದುದೇನು? ೨೦೦೯ರಲ್ಲಿ ಅಮೆರಿಕದ ಲಿಸಾ ಸ್ಕಾಟ್ ಮತ್ತು ಅಲೆಕ್ಸಾಂಡ್ರ ಮೊನೆಸನ್ ನಡೆಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಯಾವ ಮಗುವೂ ನಿತ್ಯ ಕಾಣದ ಮುಖಗಳು ಬೇಕಾದುದರಿಂದ ಅವರು ಕೋತಿಗಳ ಮುಖಗಳಿರುವ ಚಿತ್ರಪುಸ್ತಕವನ್ನು ಆರು ತಿಂಗಳ ಕೂಸುಗಳ ಮನೆಗಳಿಗೆ ಕೊಟ್ಟರು. ಕೆಲವು ಮನೆಗಳಲ್ಲಿ ಸುಮ್ಮನೆ ಚಿತ್ರ ತೋರಿಸಿದರು. ಕೆಲವೆಡೆ ಪ್ರತಿಯೊಂದು ಚಿತ್ರಕ್ಕೂ "ಕೋತಿ" ಎಂದೇ ಹೇಳಿದರು. ಇನ್ನು ಕೆಲವೆಡೆ ಒಂದೊಂದು ಮುಖಕ್ಕೂ ಒಂದೊಂದು ಹೆಸರಿಟ್ಟು ಕರೆದರು. ಮೂರು ತಿಂಗಳು ಕಳೆದ ಮೇಲೆ, ಆ ಮುಖಗಳ ಭೇದವನ್ನು ಗ್ರಹಿಸುವ ಶಕ್ತಿಯನ್ನು ಉಳಿಸಿಕೊಂಡಿದ್ದವು ಹೆಸರು ಕೇಳಿಸಿಕೊಂಡ ಕೂಸುಗಳು ಮಾತ್ರ. ಚಿತ್ರಗಳು ಮೂರು ಗುಂಪಿಗೂ ಒಂದೇ ಆಗಿದ್ದುವು.

ಇಲ್ಲಿ ನಾವು ವಿಷಯದ ಹೃದಯವನ್ನು ಮುಟ್ಟುತ್ತೇವೆ. ಇವನು ಬೇರೆ, ಅವನು ಬೇರೆ ಎಂದು ತಿಳಿಯಬೇಕಾದ ಅಗತ್ಯ ಬಿದ್ದಾಗ ಮಾತ್ರ ಕಣ್ಣು ಕಲಿಯುತ್ತದೆ. ಅವಳಿ ಮಕ್ಕಳು ಊರಿಗೆಲ್ಲ ಒಂದೇ ರೂಪವಾಗಿ ಕಂಡರೂ ತಾಯಿಗೆ ಎಂದೂ ಗೊಂದಲವಿಲ್ಲ. ಯಾವ ಮಗು ಹಾಲು ಕುಡಿಯಿತು, ಯಾವುದು ಕುಡಿಯಲಿಲ್ಲವೆಂದು ಅವಳು ತಿಳಿಯಲೇಬೇಕು. ಗುಂಪಿಗೆ ಒಂದು ಹೆಸರಿಟ್ಟು ತೃಪ್ತರಾದೆವೆಂದರೆ ಕಣ್ಣು ತನ್ನ ಕೆಲಸ ಮುಗಿಯಿತೆಂದು ವಿರಮಿಸುತ್ತದೆ. ಒಂದೊಂದು ಮುಖವನ್ನೂ ಒಬ್ಬೊಬ್ಬ ವ್ಯಕ್ತಿಯಾಗಿ ಗುರುತಿಸುವ ಅಭ್ಯಾಸ ಮಾಡಿದವರಲ್ಲಿ ಆ ಜನಾಂಗದ ಬಗ್ಗೆ ಒಳಗೊಳಗೇ ಇದ್ದ ವಿಮುಖತೆಯೂ ಕಡಮೆಯಾಯಿತೆಂದು ೨೦೦೯ರ ಇನ್ನೊಂದು ಪ್ರಯೋಗ ವರದಿ ಮಾಡಿದೆ.

ಸಹವಾಸ ಫಲಿಸಲು ಬೇಕಾದ ಪರಿಸ್ಥಿತಿಗಳನ್ನು ಗಾರ್ಡನ್ ಆಲ್‌ಪೋರ್ಟ್ ಎಂಬ ಮನೋವಿಜ್ಞಾನಿ ೧೯೫೪ರಲ್ಲಿಯೇ ಸೂಚಿಸಿದ್ದರು: ಇಬ್ಬರಿಗೂ ಸಮಾನವಾದ ಸ್ಥಾನ, ಇಬ್ಬರದೂ ಆದ ಒಂದು ಗುರಿ, ಅದಕ್ಕಾಗಿ ಪರಸ್ಪರ ಸಹಕಾರ, ಮೇಲಿನವರ ಬೆಂಬಲ. ಇ‌ಂಥ ೫೧೫ ಅಧ್ಯಯನಗಳನ್ನು ೨೦೦೬ರಲ್ಲಿ ಒಟ್ಟುಮಾಡಿ ನೋಡಿದ ಪೆಟಿಗ್ರೂ ಮತ್ತು ಟ್ರಾಪ್ ಎಂಬವರು, ಸಂಪರ್ಕದಿಂದ ಪೂರ್ವಗ್ರಹ ಸಾಮಾನ್ಯವಾಗಿ ಕಡಮೆಯಾಗುತ್ತದೆಂದೂ ಈ ಪರಿಸ್ಥಿತಿಗಳಿದ್ದಲ್ಲಿ ಫಲ ಇನ್ನೂ ಹೆಚ್ಚೆಂದೂ ಕಂಡರು. ಕಾಲೇಜಿನ ಪ್ರಯೋಗಶಾಲೆ ಇದಕ್ಕೆ ಹೇಳಿಮಾಡಿಸಿದ ಸ್ಥಳ. ಅಲ್ಲಿ ಒಂದೇ ಲೋಲಕವನ್ನು ಇಬ್ಬರು ತೂಗಬೇಕು. ಒಬ್ಬ ಆಂದೋಲನಗಳನ್ನು ಎಣಿಸಿದರೆ ಇನ್ನೊಬ್ಬ ಕಾಲವನ್ನು ಬರೆದುಕೊಳ್ಳಬೇಕು. ಗುರುತ್ವದ ಬೆಲೆ ತಪ್ಪಿದರೆ ಇಬ್ಬರೂ ಕೂಡಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇಬ್ಬರ ಗಡಿಯಾರದಲ್ಲಿಯೂ ಕಾಲ ಒಂದೇ.

ವಿದ್ಯಾರ್ಥಿಮಿತ್ರರು ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ಯಾವ ಉಪಕರಣವೂ ಬೇಕಾಗಿಲ್ಲ. ವರ್ಷದ ಮೊದಲ ವಾರದಲ್ಲಿಯೇ ತರಗತಿಯ ಬೇರೆ ನಾಡಿನ ಸಹಪಾಠಿಗಳ ಹೆಸರುಗಳನ್ನು ಅವರ ಬಾಯಿಂದಲೇ ಕೇಳಿ, ಅವರು ಹೇಳುವಂತೆಯೇ ಉಚ್ಚರಿಸಲು ಕಲಿಯಿರಿ. ನಮ್ಮ ನಾಲಗೆಗೆ ಒಗ್ಗುವಂತೆ ಅದನ್ನು ಮುರಿಯಬೇಡಿ. ಅವರವರ ಊರು, ಮನೆಮಾತು, ಓದುವ ವಿಷಯ ಇವುಗಳನ್ನು ಕೇಳಿ ತಿಳಿಯಿರಿ. ನಿಮ್ಮವನ್ನೂ ಹೇಳಿ, ಏಕೆಂದರೆ ಅವರ ಕಣ್ಣಿಗೂ ನೀವೆಲ್ಲ ಒಂದೇ ತೆರನಾಗಿ ತೋರುತ್ತಿರಬಹುದು. ವರ್ಷದ ಕೊನೆಗೆ ತರಗತಿಯ ಗುಂಪುಚಿತ್ರ ಕೈಗೆ ಬಂದಾಗ, ಕೆಳಗೆ ಅಚ್ಚಾದ ಹೆಸರುಗಳನ್ನು ಬೆರಳಿನಿಂದ ಮುಚ್ಚಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಹೇಳಲು ಪ್ರಯತ್ನಿಸಿರಿ. ಒಂಬತ್ತು ಮುಖಗಳಿಗೆ ಒಂಬತ್ತು ಹೆಸರುಗಳು ತಡೆಯಿಲ್ಲದೆ ಹೊರಟರೆ, ಒಂಬತ್ತನೆಯ ತಿಂಗಳಿನಲ್ಲಿ ಮುಚ್ಚಿದ್ದ ಬಾಗಿಲೊಂದನ್ನು ನೀವು ಮತ್ತೆ ತೆರೆದಿರೆಂದು ತಿಳಿಯಬಹುದು.